ಮೂರು ಹೊಲ, ಒಬ್ಬ ರೈತ, ಒಂದೇ ಮೆಸೇಜ್

ಮಿರಗದ ಮಳೆ ಇನ್ನೂ ಕೂಡಿರಲಿಲ್ಲ. ದೋರನಹಳ್ಳಿಯಲ್ಲಿ ನಾನು ಸಂಜೆ ಹೊತ್ತು ಕಂಪ್ಯೂಟರ್ ನೋಡಿಕೊಳ್ಳುವ ರೈತರ ಸಂಘವೊಂದರ ಬಾಗಿಲು ತೆರೆಯುವ ಮೊದಲೇ ಒಬ್ಬ ಕಾಕಾ ಕಟ್ಟೆಯ ಮೇಲೆ ಕೂತಿದ್ದರು. ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅದರೊಳಗೆ ಪಹಣಿ, ಆಧಾರ್, ಪಾಸ್‌ಬುಕ್ಕಿನ ಜೆರಾಕ್ಸ್. ಎಲ್ಲವೂ ಮೂರು ಮೂರು, ಪ್ರತಿ ಸೆಟ್ಟಿಗೂ ಬೇರೆ ಪಿನ್ನು. ನನ್ನನ್ನು ಕಂಡದ್ದೇ ಫೋನು ಮುಂದೆ ಹಿಡಿದರು.

"ತಮ್ಮಾ, ಮೂರು ಸಲ ಮೆಸೇಜ್ ಬಂದದ ನೋಡು. ಮೂರು ಪಾಕೀಟ್ ಸಿಗ್ತಾವ ಅಲ್ಲೇನು?"

ತೊಗರಿ ಬೀಜದ ಪಾಕೀಟು ಒಬ್ಬ ರೈತನಿಗೆ ಒಂದೇ. ಮೆಸೇಜ್ ಮಾತ್ರ ಮೂರು ಹೋಗಿತ್ತು. ತಪ್ಪು ಕಾಕಾನದಲ್ಲ, ಮೊಬೈಲ್ ಕಂಪನಿಯದೂ ಅಲ್ಲ. ಹಿಂದಿನ ರಾತ್ರಿ ನಾನು ಬರೆದಿದ್ದ ನಾಲ್ಕು ಸಾಲಿನ ಕ್ವೆರಿಯದು. ಅವತ್ತು ಬೆಳಿಗ್ಗೆ ಇನ್ನೂ ಹಲವರು ಇದೇ ಲೆಕ್ಕ ಹಾಕಿಕೊಂಡು ಬಂದರು. ಊರಿನ ಜೆರಾಕ್ಸ್ ಅಂಗಡಿಗೆ ಒಳ್ಳೇ ವ್ಯಾಪಾರ.

ಸಂಘ, ಸೊಸೈಟಿ, ಗೊಬ್ಬರದಂಗಡಿ, ಶಾಲೆ, ಎಲ್ಲಿಯೇ ಆಗಲಿ ಡೇಟಾಬೇಸ್ ಇಟ್ಟುಕೊಂಡು ಕೆಲಸ ಮಾಡುವವರು ಒಂದಲ್ಲ ಒಂದು ದಿನ ಈ ಕಲ್ಲಿಗೆ ಎಡವುತ್ತಾರೆ. ಅಪ್‌ಡೇಟ್ ಮಾಡಿದ ಕೂಡಲೇ ಯಾವ ಸಾಲುಗಳು ಬದಲಾದವು ಎಂದು ಡೇಟಾಬೇಸನ್ನೇ ಕೇಳಬಹುದು. ಅದು ಹೇಳುತ್ತದೆ. ಆದರೆ ಒಂದೇ ಹೆಸರನ್ನು ಮೂರು ಸಲ ಹೇಳುತ್ತದೆ. ನಮಗೆ ಬೇಕಾದದ್ದು ಒಂದು ಸಲ. ಅದನ್ನು ಪಡೆಯುವುದು ಹೇಗೆ, ಪಡೆಯುವಾಗ ಯಾರನ್ನು ಕಳೆದುಕೊಳ್ಳಬಾರದು ಎಂಬುದು ಈ ಲೇಖನದ ವಿಷಯ. ಎರಡನೆಯದು ಮೊದಲನೆಯದಕ್ಕಿಂತ ಕಷ್ಟ.

ನಮ್ಮ ಟೇಬಲ್ಲಿನ ಹೆಸರು 'ಹೊಲ'. ಒಂದು ಹೊಲಕ್ಕೆ ಒಂದು ಸಾಲು. ಹೊಲದ ಐಡಿ, ಸರ್ವೆ ನಂಬರು, ರೈತನ ಐಡಿ, ಬೆಳೆ, ಸ್ಥಿತಿ ಎಂಬ ಕಾಲಮ್‌ಗಳು. ಉದಾಹರಣೆಗೆ ಏಳು ಸಾಲು ಇಟ್ಟುಕೊಳ್ಳೋಣ. ನಂಬರುಗಳು ನಾನು ಮಾಡಿಕೊಂಡವು. 112/1, 112/3, 145/2 ಈ ಮೂರೂ 7ನೇ ಐಡಿಯ ರೈತನವು, ಮೂರರಲ್ಲೂ ತೊಗರಿ. 88/1 ಎಂಬುದು 12ನೇ ಐಡಿಯವನದು, ತೊಗರಿ. 61/2 ಮತ್ತು 61/4 ಎರಡೂ 21ರವನವು, ತೊಗರಿ. 90 ಎಂಬ ಹೊಲ 15ರವನದು, ಅಲ್ಲಿ ಹತ್ತಿ. ತೊಗರಿ ಹಾಕುವವರ ಸ್ಥಿತಿಯನ್ನು 'ಮಂಜೂರು' ಎಂದು ಬದಲಿಸಿ, ಅವರಿಗೆ ಮೆಸೇಜ್ ಕಳಿಸಬೇಕು. ನಾನು ಬರೆದದ್ದು ಇಷ್ಟು:

ಅಪ್‌ಡೇಟ್ ಹೊಲ
ಸೆಟ್ ಸ್ಥಿತಿ = 'ಮಂಜೂರು'
ವೇರ್ ಬೆಳೆ = 'ತೊಗರಿ'
ರಿಟರ್ನಿಂಗ್ ರೈತ_ಐಡಿ;

ಓದಲು ಸುಲಭವಾಗಲಿ ಎಂದು ಎಲ್ಲವನ್ನೂ ಕನ್ನಡದಲ್ಲಿ ಬರೆದಿದ್ದೇನೆ. ಅಪ್‌ಡೇಟ್, ಸೆಟ್, ರಿಟರ್ನಿಂಗ್‌ನಂಥ ಆಜ್ಞೆಯ ಪದಗಳನ್ನು ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ಟೇಬಲ್ ಮತ್ತು ಕಾಲಮ್‌ಗಳ ಹೆಸರು ಮಾತ್ರ ನಿಜಕ್ಕೂ ಕನ್ನಡದಲ್ಲಿ ಇರಬಹುದು, ನಾವು ಬಳಸುವ ಡೇಟಾಬೇಸಾದ ಪೋಸ್ಟ್‌ಗ್ರೆಸ್ ಅದಕ್ಕೆ ತಕರಾರು ಮಾಡುವುದಿಲ್ಲ. ಒಂದು ಹೆಸರಿಗೆ 63 ಬೈಟ್ ಜಾಗ. ಕನ್ನಡದ ಒಂದೊಂದು ಚಿಹ್ನೆಗೆ 3 ಬೈಟ್ ಹಿಡಿಯುವುದರಿಂದ ಒತ್ತು, ಗುಣಿತ ಎಲ್ಲ ಸೇರಿ 21 ಚಿಹ್ನೆ. ಅದಕ್ಕಿಂತ ಉದ್ದದ ಹೆಸರಿಟ್ಟರೆ ಬಾಲ ಕತ್ತರಿಸಿಬಿಡುತ್ತದೆ.

ರಿಟರ್ನಿಂಗ್ ಎಂಬ ಈ ಸೌಲಭ್ಯ ಪೋಸ್ಟ್‌ಗ್ರೆಸ್‌ಗೆ ಬಂದದ್ದು 2006ರ 8.2ನೇ ಆವೃತ್ತಿಯಲ್ಲಿ. ಬದಲಾದ ಪ್ರತಿ ಸಾಲಿಗೆ ಒಂದು ವರದಿ ಕೊಡುವುದು ಅದರ ಕೆಲಸ. ನನ್ನ ಕ್ವೆರಿ ಆರು ಸಾಲು ಮುಟ್ಟಿತು, ಆರು ಉತ್ತರ ಕೊಟ್ಟಿತು: 7, 7, 7, 12, 21, 21. ನಾನು ಆ ಪಟ್ಟಿಯನ್ನು ಹಾಗೇ ಮೆಸೇಜ್ ಕಳಿಸುವ ಪ್ರೋಗ್ರಾಮಿಗೆ ಕೊಟ್ಟೆ. ಮೂರು ಮಂದಿಗೆ ಆರು ಮೆಸೇಜ್.

ಇದು ನಮ್ಮೊಬ್ಬರ ಪಟ್ಟಿಯ ವಿಚಿತ್ರವಲ್ಲ. ಕರ್ನಾಟಕದ 'ಭೂಮಿ' ಯೋಜನೆಯಲ್ಲಿ ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗಿನ ಲೆಕ್ಕ ಸುಮಾರು 67 ಲಕ್ಷ ರೈತರು, 2 ಕೋಟಿ ದಾಖಲೆ. ಭಾಗಿಸಿ ನೋಡಿ: ತಲೆಗೆ ಹತ್ತಿರ ಹತ್ತಿರ ಮೂರು. ನಮ್ಮ ಕಾಕಾ ರಾಜ್ಯದ ಸರಾಸರಿ ರೈತ. ಹೊಲದ ಲೆಕ್ಕದಲ್ಲಿ ಇಟ್ಟ ಟೇಬಲ್ಲಿನಿಂದ ಮನುಷ್ಯರ ಪಟ್ಟಿ ತೆಗೆಯಲು ಹೊರಟವರಿಗೆಲ್ಲ ಈ ಮೂರು ಎದುರಾಗುತ್ತದೆ.

ಮೊದಲು ಹೊಳೆಯುವ ಉಪಾಯ ರಿಟರ್ನಿಂಗ್ ಪಕ್ಕದಲ್ಲಿ ಡಿಸ್ಟಿಂಕ್ಟ್ ಎಂದು ಸೇರಿಸುವುದು. ಸೆಲೆಕ್ಟ್ ಜೊತೆ ಅದು ನಡೆಯುತ್ತದಲ್ಲ, ಇಲ್ಲಿ ಯಾಕೆ ನಡೆಯಬಾರದು? ನಡೆಯುವುದಿಲ್ಲ. ಸಿಂಟ್ಯಾಕ್ಸ್ ತಪ್ಪು ಎಂದು ಮುಖಕ್ಕೆ ಹೇಳುತ್ತದೆ. ಕೌಂಟ್, ಸಮ್‌ನಂಥ ಒಟ್ಟುಗೂಡಿಸುವ ಫಂಕ್ಷನ್‌ಗಳನ್ನೂ ಅಲ್ಲಿ ಬಿಡುವುದಿಲ್ಲ. ತೂಕದ ಕಟ್ಟೆಯಲ್ಲಿ ಒಂದೊಂದು ಚೀಲ ಇಳಿದಂತೆ ಚೀಟಿ ಹರಿಯುವ ಹುಡುಗನ ಹಾಗೆ ರಿಟರ್ನಿಂಗ್. ಹಿಂದಿನ ಚೀಲ ಯಾರದಿತ್ತು ಎಂದು ಅವನು ನೆನಪಿಡುವುದಿಲ್ಲ. ಚೀಟಿಗಳನ್ನೆಲ್ಲ ಕೂಡಿಸಿ ಯಾರ ಹೆಸರಿಗೆ ಎಷ್ಟು ಎಂದು ಬರೆಯಲು ಗುಮಾಸ್ತ ಬೇರೆಯೇ ಬೇಕು.

ಆ ಗುಮಾಸ್ತನ ಕೆಲಸ ಮಾಡುವುದು 'ವಿತ್'. ಅಪ್‌ಡೇಟನ್ನು ವಿತ್ ಒಳಗೆ ಕೂರಿಸಿ, ಅದು ಕೊಟ್ಟ ಚೀಟಿಗಳಿಗೆ ಒಂದು ಹೆಸರಿಟ್ಟು, ಹೊರಗಿನಿಂದ ಸೆಲೆಕ್ಟ್ ಮಾಡಬೇಕು. ಬರೆಯುವ ಕೆಲಸವನ್ನು ಹೀಗೆ ವಿತ್ ಒಳಗೆ ಇಡುವ ಅವಕಾಶ 2011ರ 9.1ನೇ ಆವೃತ್ತಿಯಿಂದ ಇದೆ. ಹಾಗಾಗಿ ಈಗ ಬಳಕೆಯಲ್ಲಿರುವ ಯಾವ ಪೋಸ್ಟ್‌ಗ್ರೆಸ್‌ನಲ್ಲೂ ಇದು ನಡೆಯುತ್ತದೆ.

ವಿತ್ ಬದಲಾದ ಆ್ಯಸ್ (
  ಅಪ್‌ಡೇಟ್ ಹೊಲ
  ಸೆಟ್ ಸ್ಥಿತಿ = 'ಮಂಜೂರು'
  ವೇರ್ ಬೆಳೆ = 'ತೊಗರಿ'
  ರಿಟರ್ನಿಂಗ್ ರೈತ_ಐಡಿ
)
ಸೆಲೆಕ್ಟ್ ಡಿಸ್ಟಿಂಕ್ಟ್ ರೈತ_ಐಡಿ ಫ್ರಮ್ ಬದಲಾದ;

ಉತ್ತರ: 7, 12, 21. ಮೂರು ಮಂದಿ, ಮೂರು ಸಾಲು. ಆರೂ ಹೊಲಗಳ ಸ್ಥಿತಿ ಬದಲಾಗಿದೆ, ಹೆಸರು ಮಾತ್ರ ಒಂದೊಂದೇ ಸಲ ಬಂದಿದೆ. ಯಾವ ಕ್ರಮದಲ್ಲಿ ಬರುತ್ತದೆ ಎಂಬ ಖಾತ್ರಿ ಇಲ್ಲ. ಬೇಕಾದರೆ ಕೊನೆಗೆ ಆರ್ಡರ್ ಬೈ ಹಾಕಿಕೊಳ್ಳಿ.

ಇಲ್ಲಿಗೆ ನಿಲ್ಲಿಸಿದ್ದರೆ ಲೇಖನ ಅರ್ಧ ಪುಟದಲ್ಲಿ ಮುಗಿಯುತ್ತಿತ್ತು. ಆದರೆ ಮೆಸೇಜಿನಲ್ಲಿ ಸರ್ವೆ ನಂಬರೂ ಇರಲಿ ಎಂದು ಸಂಘದವರು ಕೇಳಿದರು. ನಾನು ರಿಟರ್ನಿಂಗ್‌ನಲ್ಲಿ ಸರ್ವೆ ಎಂದು ಸೇರಿಸಿದೆ, ಹೊರಗಿನ ಡಿಸ್ಟಿಂಕ್ಟ್‌ನಲ್ಲೂ ಸೇರಿಸಿದೆ. ಮತ್ತೆ ಆರು ಸಾಲು! ಡಿಸ್ಟಿಂಕ್ಟ್ ನೋಡುವುದು ಇಡೀ ಸಾಲನ್ನು. 7 ಮತ್ತು 112/1 ಒಂದು ಜೋಡಿ, 7 ಮತ್ತು 112/3 ಇನ್ನೊಂದು ಜೋಡಿ. ಅದರ ಕಣ್ಣಿಗೆ ಇವು ಬೇರೆ ಬೇರೆ. ಪೋಸ್ಟ್‌ಗ್ರೆಸ್‌ನಲ್ಲಿ ಡಿಸ್ಟಿಂಕ್ಟ್ ಆನ್ ಎಂಬ ಇನ್ನೊಂದು ರೂಪವಿದೆ. ಡಿಸ್ಟಿಂಕ್ಟ್ ಆನ್ (ರೈತ_ಐಡಿ) ಎಂದರೆ ಪ್ರತಿ ರೈತನಿಗೆ ಒಂದೇ ಸಾಲು ಉಳಿಸಿಕೊಂಡು ಮಿಕ್ಕವನ್ನು ಎಸೆಯುತ್ತದೆ. ಯಾವುದು ಉಳಿಯಬೇಕೆಂದು ಆರ್ಡರ್ ಬೈ ಹೇಳಬೇಕು. ಆದರೆ ಕಾಕಾನಿಗೆ 112/1 ಒಂದೇ ಹೊಲ ಮಂಜೂರಾಗಿದೆ ಎಂದು ಮೆಸೇಜ್ ಹೋದರೆ, "ಉಳಿದ ಎರಡು ಹೊಲ ಎಲ್ಲಿ ಹೋದ್ವು?" ಎಂದು ಜಗಳಕ್ಕೇ ಬರುತ್ತಾರೆ.

ಆದ್ದರಿಂದ ಹೊರಗಿನ ಸಾಲನ್ನು ಹೀಗೆ ಬದಲಿಸಿದೆ:

ಸೆಲೆಕ್ಟ್ ರೈತ_ಐಡಿ, ಸ್ಟ್ರಿಂಗ್_ಆಗ್(ಸರ್ವೆ, ', ')
ಫ್ರಮ್ ಬದಲಾದ
ಗ್ರೂಪ್ ಬೈ ರೈತ_ಐಡಿ;

ರೈತನಿಗೊಂದು ಸಾಲು, ಆ ಸಾಲಿನಲ್ಲಿ ಅವನ ಹೊಲಗಳೆಲ್ಲ ಅಲ್ಪವಿರಾಮ ಹಾಕಿ ಸಾಲಾಗಿ: 112/1, 112/3, 145/2. ನನ್ನ ಮಟ್ಟಿಗೆ ಹತ್ತರಲ್ಲಿ ಎಂಟು ಸಲ ಬೇಕಾಗುವುದು ಈ ರೂಪವೇ. ಡಿಸ್ಟಿಂಕ್ಟ್ ಹಾಕಿ ಹೆಚ್ಚುವರಿ ಸಾಲು ಎಸೆಯುವ ಮೊದಲು, ಎಸೆಯುತ್ತಿರುವುದರಲ್ಲಿ ಓದುವವನಿಗೆ ಬೇಕಾದದ್ದೇನಾದರೂ ಇದೆಯೇ ಎಂದು ನೋಡಿಕೊಳ್ಳಬೇಕು. ದುಡ್ಡಿನ ಲೆಕ್ಕವೂ ಇದೆ. ಕನ್ನಡದ ಎಸ್‌ಎಂಎಸ್‌ಗೆ 70 ಚಿಹ್ನೆಯ ಮಿತಿ, ಇಂಗ್ಲಿಷಿಗೆ 160. 70 ದಾಟಿದರೆ ಎರಡು ಎಸ್‌ಎಂಎಸ್‌ನ ಖರ್ಚು. ಮೂರು ಮೆಸೇಜಿನ ಬದಲು ತುಸು ಉದ್ದದ ಒಂದೇ ಮೆಸೇಜ್ ಕಳಿಸುವುದು ಅಗ್ಗ.

ಈ ಹಂತದಲ್ಲಿ ನಾನು ಬಿದ್ದ ಇನ್ನೊಂದು ಗುಂಡಿಯನ್ನೂ ತೋರಿಸಿಬಿಡುತ್ತೇನೆ. ಅಪ್‌ಡೇಟ್ ಹೇಗೂ ಒಳಗೆ ಆಗಿದೆ, ಹೊರಗಿನಿಂದ ಹೊಲ ಟೇಬಲ್ಲಿಗೇ ಹೋಗಿ ಸ್ಥಿತಿ 'ಮಂಜೂರು' ಇರುವ ರೈತರನ್ನು ತೆಗೆದರಾಯಿತು ಎಂದುಕೊಂಡು ಫ್ರಮ್ ಹೊಲ ಎಂದು ಬರೆದೆ. ಒಂದೂ ಸಾಲು ಬರಲಿಲ್ಲ. ಕ್ವೆರಿ ಮುಗಿದ ಮೇಲೆ ಟೇಬಲ್ ತೆರೆದು ನೋಡಿದರೆ ಆರೂ ಹೊಲ 'ಮಂಜೂರು' ಎಂದು ನಗುತ್ತಿದ್ದವು. ವಿತ್ ಒಳಗಿನ ಕೆಲಸ, ಹೊರಗಿನ ಕೆಲಸ ಎರಡೂ ಕ್ವೆರಿ ಶುರುವಾದಾಗಿನ ಒಂದೇ ಚಿತ್ರವನ್ನು ನೋಡುತ್ತಿರುತ್ತವೆ. ಒಳಗೆ ಬದಲಾದದ್ದು ಆ ಕ್ವೆರಿ ಮುಗಿಯುವ ತನಕ ಹೊರಗಿನ ಸೆಲೆಕ್ಟ್‌ಗೆ ಟೇಬಲ್ ಮೂಲಕ ಕಾಣುವುದಿಲ್ಲ. ರಿಟರ್ನಿಂಗ್ ಕೊಟ್ಟ ಚೀಟಿಯೊಂದೇ ದಾರಿ. ಹೊಸ ಮೌಲ್ಯ ಬೇಕೆಂದರೆ ಅದನ್ನು ರಿಟರ್ನಿಂಗ್‌ನಲ್ಲೇ ಕೇಳಿ, 'ಬದಲಾದ' ಎಂಬ ಹೆಸರಿನಿಂದಲೇ ಓದಿ. ಹಳೆಯ ಮೌಲ್ಯವೂ ಬೇಕಿದ್ದರೆ, 2025ರ ಸೆಪ್ಟೆಂಬರಿನಲ್ಲಿ ಬಂದ 18ನೇ ಆವೃತ್ತಿಯಲ್ಲಿ ರಿಟರ್ನಿಂಗ್ ಜೊತೆಗೇ ಓಲ್ಡ್, ನ್ಯೂ ಎಂದು ಎರಡನ್ನೂ ಕೇಳಬಹುದು. ಮೊದಲು ಬಾಕಿ ಎಷ್ಟಿತ್ತು, ಈಗ ಎಷ್ಟಾಯಿತು ಎಂದು ತೋರಿಸಬೇಕಾದವರಿಗೆ ಬಹಳ ಅನುಕೂಲ.

ಇನ್ನು ಅಣ್ಣತಮ್ಮಂದಿರ ಕಥೆ.

88/1 ಹೊಲ ನಮ್ಮ ಪಟ್ಟಿಯಲ್ಲಿ 12ನೇ ಐಡಿಯವರ ಹೆಸರಿಗಿತ್ತು. ಪಹಣಿ ತೆಗೆದು ನೋಡಿದರೆ ಜಂಟಿ: ಮೂವರು ಅಣ್ಣತಮ್ಮಂದಿರು, 12, 13, 14. ಜಂಟಿ ಖಾತೆದಾರರಿಗೆಲ್ಲ ಬೇರೆ ಬೇರೆ ಮೆಸೇಜ್ ಹೋಗಬೇಕೆಂದು ಸಂಘದಲ್ಲಿ ತೀರ್ಮಾನವಾಯಿತು. ನಾನು 'ಖಾತೆದಾರ' ಎಂಬ ಇನ್ನೊಂದು ಟೇಬಲ್ ಮಾಡಿ, ಯಾವ ಹೊಲಕ್ಕೆ ಯಾರ ಯಾರ ಹೆಸರು ಎಂದು ತುಂಬಿದೆ. ಆಮೇಲೆ ಅಪ್‌ಡೇಟ್ ಒಳಗೇ ಫ್ರಮ್ ಖಾತೆದಾರ ಎಂದು ಜೋಡಿಸಿ, ರಿಟರ್ನಿಂಗ್ ಖಾತೆದಾರನ ಐಡಿ ಎಂದು ಬರೆದೆ. ಹೊರಗೆ ಡಿಸ್ಟಿಂಕ್ಟ್ ಇದ್ದೇ ಇತ್ತು. ಕ್ವೆರಿ ಓಡಿತು, ತಪ್ಪೇನೂ ತೋರಿಸಲಿಲ್ಲ, ಪಟ್ಟಿಯೂ ಅಚ್ಚುಕಟ್ಟಾಗಿತ್ತು. ಎರಡು ದಿನದ ಮೇಲೆ ನಡುವಿನ ತಮ್ಮ ಬಂದ.

"ನಮ್ಮಣ್ಣಗ ಬಂದದ, ನನಗ್ಯಾಕ ಬಂದಿಲ್ರಿ? ಹೆಸರು ತಗದೀರೇನು?"

ಹೆಸರು ತೆಗೆಸಿದ್ದಾರೆಂಬ ಅನುಮಾನ ಮನೆಯಲ್ಲಿ ಎಲ್ಲಿಗೆ ಮುಟ್ಟುತ್ತದೆ ಎಂದು ಈ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಅವನ ಎದುರಿಗೇ ಕಂಪ್ಯೂಟರ್ ತೆರೆದು ಖಾತೆದಾರ ಟೇಬಲ್ ತೋರಿಸಿದೆ. ಅವನ ಹೆಸರು ಅಲ್ಲೇ ಇತ್ತು. ಮೆಸೇಜಿನ ಪಟ್ಟಿಯಲ್ಲಿ ಮಾತ್ರ ಇರಲಿಲ್ಲ.

ಆಗಿದ್ದು ಇಷ್ಟು. ಒಂದು ಅಪ್‌ಡೇಟ್ ಕ್ವೆರಿ ಒಂದು ಸಾಲನ್ನು ಒಂದೇ ಸಲ ಬದಲಿಸುತ್ತದೆ. 88/1ಕ್ಕೆ ಮೂವರು ಖಾತೆದಾರರು ಜೋಡಿಯಾದರೂ ಹೊಲದ ಸಾಲು ಒಂದೇ ಆದ್ದರಿಂದ, ಮೂವರಲ್ಲಿ ಯಾರೋ ಒಬ್ಬನ ಜೊತೆ ಸೇರಿಸಿ ಬದಲಿಸಿ, ಅವನ ಐಡಿಯನ್ನೇ ಚೀಟಿಯಲ್ಲಿ ಬರೆಯುತ್ತದೆ. ಆ ಒಬ್ಬ ಯಾರೆಂದು ಮೊದಲೇ ಹೇಳಲು ಬರುವುದಿಲ್ಲ ಎಂದು ಪೋಸ್ಟ್‌ಗ್ರೆಸ್‌ನ ಕೈಪಿಡಿಯೇ ಎಚ್ಚರಿಸುತ್ತದೆ. ಇವತ್ತು ಅಣ್ಣ, ನಾಳೆ ಕಿರಿಯ. ಒಬ್ಬನ ಹೆಸರು ಮೂರು ಸಲ ಬಂದರೆ ಜೆರಾಕ್ಸ್ ಚೀಲ ಹಿಡಿದು ಕಟ್ಟೆಗೆ ಬಂದು ಕೂರುತ್ತಾನೆ, ತಪ್ಪು ತಾನಾಗೇ ಗೊತ್ತಾಗುತ್ತದೆ. ಹೆಸರು ಬರದವನು ಬಂದು ಕೇಳಿದರೆ ಉಂಟು, ಮನೆಯಲ್ಲೇ ಮುನಿಸಿಕೊಂಡು ಕೂತರೆ ಇಲ್ಲ. ನನ್ನ ಡಿಸ್ಟಿಂಕ್ಟ್ ಇಲ್ಲಿ ಏನೂ ಸರಿಮಾಡಲಿಲ್ಲ. ಪಟ್ಟಿಯನ್ನು ಇನ್ನಷ್ಟು ನಂಬುವ ಹಾಗೆ ಮಾಡಿತು, ಅಷ್ಟೇ.

ಸರಿಯಾದ ದಾರಿಯಲ್ಲಿ ಅಪ್‌ಡೇಟ್ ತನ್ನ ಟೇಬಲ್ಲಿನ ಮಾತು ಮಾತ್ರ ಆಡಬೇಕು. ಯಾವ ಹೊಲ ಬದಲಾಯಿತು ಎಂದಷ್ಟೇ ಅದನ್ನು ಕೇಳಿ. ಹೊಲದಿಂದ ಮನುಷ್ಯರಿಗೆ ಹೋಗುವುದನ್ನು ಹೊರಗಿನ ಸೆಲೆಕ್ಟ್ ಮಾಡಲಿ:

ವಿತ್ ಬದಲಾದ ಆ್ಯಸ್ (
  ಅಪ್‌ಡೇಟ್ ಹೊಲ
  ಸೆಟ್ ಸ್ಥಿತಿ = 'ಮಂಜೂರು'
  ವೇರ್ ಬೆಳೆ = 'ತೊಗರಿ'
  ರಿಟರ್ನಿಂಗ್ ಹೊಲ_ಐಡಿ, ಸರ್ವೆ
)
ಸೆಲೆಕ್ಟ್ ಖ.ರೈತ_ಐಡಿ, ಸ್ಟ್ರಿಂಗ್_ಆಗ್(ಬ.ಸರ್ವೆ, ', ')
ಫ್ರಮ್ ಬದಲಾದ ಬ
ಜಾಯಿನ್ ಖಾತೆದಾರ ಖ ಆನ್ ಖ.ಹೊಲ_ಐಡಿ = ಬ.ಹೊಲ_ಐಡಿ
ಗ್ರೂಪ್ ಬೈ ಖ.ರೈತ_ಐಡಿ;

ಲೆಕ್ಕ ಹಾಕಿ ನೋಡಿ. ಬದಲಾದ ಹೊಲ ಆರು. ಖಾತೆದಾರರ ಜೊತೆ ಜೋಡಿಸಿದಾಗ 7ರವನ ಮೂರು, ಅಣ್ಣತಮ್ಮಂದಿರ ಮೂರು, 21ರವನ ಎರಡು, ಒಟ್ಟು ಎಂಟು ಸಾಲು. ಗ್ರೂಪ್ ಆದ ಮೇಲೆ ಐದು ಮಂದಿ: 7, 12, 13, 14, 21. ಮೊದಲಿನ ಕ್ವೆರಿ ಕೊಡುತ್ತಿದ್ದದ್ದು ಮೂರೇ. ಇಂಥ ಕ್ವೆರಿ ಬರೆದಾಗಲೆಲ್ಲ ಈ ಮೂರು ಅಂಕಿಗಳನ್ನು, ಅಂದರೆ ಮುಟ್ಟಿದ ಸಾಲೆಷ್ಟು, ಜೋಡಿಸಿದ ಮೇಲೆ ಎಷ್ಟು, ಒಂದುಗೂಡಿಸಿದ ಮೇಲೆ ಎಷ್ಟು ಎಂದು ಒಂದು ಚೀಟಿಯ ಮೇಲೆ ಬರೆದುಕೊಳ್ಳುವ ಅಭ್ಯಾಸ ಆಗಿನಿಂದ ಆಗಿದೆ. ಪೌತಿ ಖಾತೆ ಆಗದೆ ಇನ್ನೂ ತೀರಿಹೋದ ಅಜ್ಜನ ಹೆಸರಲ್ಲೇ ಇರುವ ಪಹಣಿಗಳ ವಿಷಯಕ್ಕೆ ನಾನು ಇಲ್ಲಿ ಕೈಹಾಕುವುದಿಲ್ಲ. ಅದಕ್ಕೆ ಯಾವ ಕ್ವೆರಿಯೂ ಮದ್ದಲ್ಲ, ತಹಶೀಲ್ದಾರ್ ಕಚೇರಿಗೇ ಹೋಗಬೇಕು.

ಒಂದು ಸಾಲು ಒಂದೇ ಸಲ ಬದಲಾಗುತ್ತದೆ ಎಂಬ ಆ ನಿಯಮದ ಇನ್ನೊಂದು ಮುಖ: ಹೊಸ ಫೋನ್ ನಂಬರುಗಳ ಪಟ್ಟಿಯಿಂದ ರೈತರ ಟೇಬಲ್ ಅಪ್‌ಡೇಟ್ ಮಾಡುವಾಗ, ಆ ಪಟ್ಟಿಯಲ್ಲಿ ಒಬ್ಬನಿಗೆ ಎರಡು ನಂಬರ್ ಇದ್ದರೆ ಯಾವುದು ಕೂರುತ್ತದೆಂದು ಹೇಳಲಾಗದು. ಮೊದಲು ಮೂಲ ಪಟ್ಟಿಯನ್ನೇ ರೈತನಿಗೊಂದು ಸಾಲಿಗೆ ಇಳಿಸಿ, ಆಮೇಲೆ ಅಪ್‌ಡೇಟ್ ಮಾಡಿ. 2022ರಲ್ಲಿ 15ನೇ ಆವೃತ್ತಿಯ ಜೊತೆ ಬಂದ ಮರ್ಜ್ ಎಂಬ ಆಜ್ಞೆ ಈ ವಿಷಯದಲ್ಲಿ ಕಟ್ಟುನಿಟ್ಟು. ಒಂದೇ ಸಾಲನ್ನು ಎರಡನೇ ಸಲ ಮುಟ್ಟಲಾರೆ ಎಂದು ತಪ್ಪು ತೋರಿಸಿ ನಿಂತುಬಿಡುತ್ತದೆ. ಬಾಯಿ ಮುಚ್ಚಿಕೊಂಡು ಯಾವುದೋ ಒಂದನ್ನು ಆರಿಸುವುದಕ್ಕಿಂತ ಅದೇ ವಾಸಿ.

ಒಂದೊಂದೇ ಸಲ ಬರಲಿ ಎನ್ನುತ್ತೇವೆ, ಸರಿ. ಯಾವುದು ಒಂದೊಂದೇ ಸಲ? ಹೆಸರನ್ನು ನಂಬುವಂತಿಲ್ಲ. ಮೈಲಾಪುರದ ಮಲ್ಲಯ್ಯನಿಗೆ, ತಿಂಥಣಿಯ ಮೌನೇಶ್ವರನಿಗೆ ನಡೆದುಕೊಳ್ಳುವ ಸೀಮೆ ಇದು. ಓಣಿಯಲ್ಲಿ ನಿಂತು ಮಲ್ಲಪ್ಪಾ ಎಂದು ಕೂಗಿದರೆ ನಾಲ್ಕು ಮಂದಿ, ಮೋನಪ್ಪಾ ಎಂದರೆ ಇಬ್ಬರು ತಿರುಗಿ ನೋಡುತ್ತಾರೆ. ಫೋನ್ ನಂಬರೂ ಸಾಲದು. ಮನೆಗೊಂದೇ ಫೋನು, ಅಪ್ಪ ಮಗ ಇಬ್ಬರ ಹೆಸರಿಗೂ ಅದೇ. ಫೋನಿನ ಮೇಲೆ ಡಿಸ್ಟಿಂಕ್ಟ್ ಹಾಕಿದರೆ ಮಗನ ಹೊಲ ಅಪ್ಪನ ಲೆಕ್ಕಕ್ಕೆ ಹೋಗುತ್ತದೆ. ಸರ್ವೆ ನಂಬರು ಊರಿಂದೂರಿಗೆ ಮತ್ತೆ 1ರಿಂದ ಶುರುವಾಗುತ್ತದೆ. ಊರಿನ ಹೆಸರಾದರೂ ಗಟ್ಟಿಯೇ? ಶಹಾಪುರ ತಾಲ್ಲೂಕಿನ ನಮ್ಮ ದೋರನಹಳ್ಳಿಯ ಹಾಗೇ ಮೈಸೂರು ಜಿಲ್ಲೆಯ ಕೃಷ್ಣರಾಜನಗರದ ಕಡೆಗೂ ಒಂದಿದೆ, ಸಂತ ಅಂತೋಣಿಯ ಚರ್ಚಿನಿಂದ ಹೆಸರಾದದ್ದು. ಅದನ್ನು ದೋರನಹಳ್ಳಿ ಎಂತಲೂ ಡೋರ್ನಹಳ್ಳಿ ಎಂತಲೂ ಬರೆಯುತ್ತಾರೆ. ಸುರಪುರ ಒಂದು ಕಾಗದದಲ್ಲಿ ಶೋರಾಪುರ, ಶಹಾಪುರ ಇನ್ನೊಂದರಲ್ಲಿ ಶಹಾಪೂರ, ಯಾದಗಿರಿ ಮತ್ತೊಂದರಲ್ಲಿ ಯಾದಗೀರ. ಹೊಲಕ್ಕೆ ಗುರುತೆಂದರೆ ಗ್ರಾಮದ ಕೋಡ್, ಸರ್ವೆ, ಹಿಸ್ಸಾ ಮೂರೂ ಸೇರಿದ ಯೂನಿಕ್ ಇಂಡೆಕ್ಸ್. ಮನುಷ್ಯನಿಗೆ ಸಂಖ್ಯೆಯ ಐಡಿ. ಸರ್ಕಾರದ 'ಫ್ರೂಟ್ಸ್' ವ್ಯವಸ್ಥೆಯಲ್ಲಿ ರೈತನಿಗೆ ಒಂದು ಎಫ್‌ಐಡಿ ಕೊಟ್ಟು, ಅದರ ಕೆಳಗೆ ಅವನ ಸರ್ವೆ ನಂಬರುಗಳನ್ನೆಲ್ಲ ಜೋಡಿಸುವುದೂ ಇದೇ ಕಾರಣಕ್ಕೆ.

ಅಕ್ಷರದಲ್ಲೇ ಇನ್ನೊಂದು ಮೋಸವಿದೆ.  ದೋರನಹಳ್ಳಿಯ ಮೊದಲ ಅಕ್ಷರವನ್ನೇ ನೋಡಿ. 'ದೋ' ಎಂಬುದರ ಓತ್ವದ ಚಿಹ್ನೆಯನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿ ಇಡಬಹುದು. ಎತ್ವ, ಊತ್ವ, ದೀರ್ಘ ಎಂದು ಮೂರು ಬಿಡಿ ಚಿಹ್ನೆಗಳಾಗಿಯೂ ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಮೊದಲ ರೀತಿಯಲ್ಲಿ ಊರಿನ ಹೆಸರು 9 ಚಿಹ್ನೆ, 27 ಬೈಟ್. ಎರಡನೆಯದರಲ್ಲಿ 11 ಚಿಹ್ನೆ, 33 ಬೈಟ್. ಡಿಸ್ಟಿಂಕ್ಟ್ ಕಣ್ಣಿನಿಂದ ಓದುವುದಿಲ್ಲ, ಬೈಟ್‌ಗಳನ್ನು ಹೋಲಿಸುತ್ತದೆ. ಅದಕ್ಕೆ ಇವು ಎರಡು ಊರು. ಪೋಸ್ಟ್‌ಗ್ರೆಸ್‌ನಲ್ಲಿ 2020ರ 13ನೇ ಆವೃತ್ತಿಯಿಂದ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಹೆಸರನ್ನು ಒಳಗೆ ಬಿಡುವ ಬಾಗಿಲಲ್ಲೇ ಅದನ್ನು ಹಾಕಿದರೆ ಈ ಎರಡೂ ಒಂದಾಗುತ್ತವೆ. 'ಸಂಘ' ಎಂಬ ಪದದ ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಕೂತು 'ಸ೦ಘ' ಆಗಿದ್ದರೆ ಮಾತ್ರ ನಾರ್ಮಲೈಸ್ ಕೈಚೆಲ್ಲುತ್ತದೆ, ಯಾಕೆಂದರೆ ಅವು ನಿಜಕ್ಕೂ ಬೇರೆ ಬೇರೆ ಅಕ್ಷರ. ಹುಡುಕಿ ಬದಲಿಸುವುದೇ ಗತಿ. ನಮ್ಮ ಪಟ್ಟಿಯಲ್ಲೂ ಒಂದು ಊರು ಮೂರು ಊರಾಗಿತ್ತು; ಮೂರನೆಯದರ ಕೊನೆಯಲ್ಲಿ ಯಾರೋ ಒಂದು ಸ್ಪೇಸ್ ಒತ್ತಿದ್ದರು.

ಅದೇ ಕ್ವೆರಿಯನ್ನು ಎರಡನೇ ಸಲ ಓಡಿಸಿದರೆ ಏನಾಗುತ್ತದೆ ಎಂಬುದನ್ನೂ ನೋಡಿಕೊಳ್ಳಬೇಕು. ಮೆಸೇಜ್ ಹೋಗುತ್ತಿರುವಾಗಲೇ ಕರೆಂಟ್ ಹೋಯಿತೆನ್ನಿ. ಬಂದ ಮೇಲೆ ಮತ್ತೆ ಓಡಿಸುತ್ತೀರಿ. ಬೆಳೆ ತೊಗರಿ ಎಂಬ ಷರತ್ತು ಒಂದೇ ಇದ್ದರೆ ಆರೂ ಹೊಲ ಮತ್ತೆ 'ಬದಲಾಗಿ' ಎಲ್ಲರ ಹೆಸರೂ ಮತ್ತೆ ಬರುತ್ತದೆ. ಮಂಜೂರನ್ನು ಮಂಜೂರು ಎಂದು ತಿದ್ದಿದರೂ ಡೇಟಾಬೇಸಿಗೆ ಅದು ಅಪ್‌ಡೇಟೇ. ವೇರ್‌ನಲ್ಲಿ ಇನ್ನೊಂದು ಷರತ್ತು ಸೇರಿಸಿ: ಸ್ಥಿತಿ ಈಸ್ ಡಿಸ್ಟಿಂಕ್ಟ್ ಫ್ರಮ್ 'ಮಂಜೂರು'. ಸಾಮಾನ್ಯ 'ಸಮವಲ್ಲ' ಚಿಹ್ನೆ ಹಾಕಿದರೆ ಸ್ಥಿತಿ ಖಾಲಿ ಇರುವ ಸಾಲುಗಳು ಜಾರಿಹೋಗುತ್ತವೆ. ಇದು ಅವನ್ನೂ ಹಿಡಿಯುತ್ತದೆ. ಇಬ್ಬರು ಎರಡು ಕಂಪ್ಯೂಟರಿನಿಂದ ಒಟ್ಟಿಗೇ ಒತ್ತಿದರೂ ತೊಂದರೆಯಿಲ್ಲ. ಎರಡನೆಯದು ಮೊದಲನೆಯದು ಮುಗಿಯುವ ತನಕ ಕಾದು, ಷರತ್ತನ್ನು ಮತ್ತೊಮ್ಮೆ ನೋಡಿ, ಆಗಲೇ ಮಂಜೂರಾದ ಸಾಲುಗಳನ್ನು ಬಿಟ್ಟುಬಿಡುತ್ತದೆ.

ಆದರೆ ಈ ಷರತ್ತಿನಿಂದ ಬೇರೊಂದು ತೊಡಕು. ಅಪ್‌ಡೇಟ್ ಆಗಿ, ಅರ್ಧ ಮಂದಿಗೆ ಮೆಸೇಜ್ ಹೋಗಿ ಕರೆಂಟ್ ಹೋದರೆ ಉಳಿದ ಅರ್ಧ ಮಂದಿಯ ಹೆಸರು ಇನ್ನೆಂದೂ ಬರುವುದಿಲ್ಲ. ಅದಕ್ಕೆ ಪಟ್ಟಿಯನ್ನು ಗಾಳಿಗೆ ಬಿಡದೆ ಅದೇ ಕ್ವೆರಿಯಲ್ಲೇ 'ಮೆಸೇಜ್' ಎಂಬ ಟೇಬಲ್ಲಿಗೆ ಇನ್ಸರ್ಟ್ ಮಾಡುತ್ತೇನೆ. ಹೊರಗಿನ ಸೆಲೆಕ್ಟ್‌ಗೆ ಹಂಗಾಮನ್ನೂ ಸೇರಿಸಿ, ಅದರ ಮುಂದೆ ಇನ್ಸರ್ಟ್ ಇಂಟು ಮೆಸೇಜ್ ಎಂದು ಹಾಕಿದರೆ ಸಾಕು. ಆ ಟೇಬಲ್ಲಿನಲ್ಲಿ ರೈತನ ಐಡಿ, ಹಂಗಾಮು ಎರಡೂ ಸೇರಿ ಯೂನಿಕ್. ಕೊನೆಗೆ ಆನ್ ಕಾನ್‌ಫ್ಲಿಕ್ಟ್ ಡೂ ನಥಿಂಗ್. ಇದು 2016ರ 9.5ನೇ ಆವೃತ್ತಿಯಿಂದ ಇದೆ. ಒಬ್ಬನಿಗೆ ಹಂಗಾಮಿಗೊಂದೇ ಚೀಟಿ ಎಂಬುದನ್ನು ಆಗ ಡೇಟಾಬೇಸೇ ಕಾಯುತ್ತದೆ. ಕಳಿಸುವ ಪ್ರೋಗ್ರಾಮು ಆ ಟೇಬಲ್ಲಿನಿಂದ ಒಂದೊಂದೇ ಎತ್ತಿಕೊಂಡು, ಕಳಿಸಿ, ಗುರುತು ಹಾಕುತ್ತ ಹೋಗುತ್ತದೆ.

ಪೋಸ್ಟ್‌ಗ್ರೆಸ್ ಇಲ್ಲದವರು? ಎಸ್‌ಕ್ಯೂಎಲ್ ಸರ್ವರ್‌ನಲ್ಲಿ ರಿಟರ್ನಿಂಗ್ ಬದಲು ಔಟ್‌ಪುಟ್ ಎಂಬುದಿದೆ. ಅದರ ಉತ್ತರವನ್ನು ಟೇಬಲ್ ವೇರಿಯಬಲ್ಲಿಗೆ ತುಂಬಿ, ಅಲ್ಲಿಂದ ಸೆಲೆಕ್ಟ್ ಡಿಸ್ಟಿಂಕ್ಟ್ ಮಾಡಿ. ಒರಾಕಲ್‌ನಲ್ಲಿ ರಿಟರ್ನಿಂಗ್ ಜೊತೆ ಬಲ್ಕ್ ಕಲೆಕ್ಟ್ ಇಂಟು. ಎಸ್‌ಕ್ಯೂಲೈಟ್‌ಗೆ 2021ರ 3.35ರಲ್ಲಿ ರಿಟರ್ನಿಂಗ್ ಬಂತು, ಆದರೆ ಅದನ್ನು ವಿತ್ ಒಳಗೆ ಕೂರಿಸಲು ಬರುವುದಿಲ್ಲ. ಉತ್ತರ ಕೈಗೆ ತೆಗೆದುಕೊಂಡು ಪ್ರೋಗ್ರಾಮಿನಲ್ಲೇ ಒಂದುಗೂಡಿಸಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಅಪ್‌ಡೇಟ್‌ಗೆ ರಿಟರ್ನಿಂಗೇ ಇಲ್ಲ. ಅಲ್ಲಿ, ಹಾಗೆ ನೋಡಿದರೆ ಎಲ್ಲಿಯೂ, ನಡೆಯುವ ಹಳೆಯ ಉಪಾಯ ಕಂತಿನ ನಂಬರು. ಹೊಲ ಟೇಬಲ್ಲಿಗೆ 'ಕಂತು' ಎಂಬ ಕಾಲಮ್ ಸೇರಿಸಿ. ಪ್ರತಿ ಸಲ ಓಡಿಸುವಾಗ ಹೊಸದೊಂದು ನಂಬರ್, ಈ ಸಲ 41 ಎಂದುಕೊಳ್ಳಿ, ಸ್ಥಿತಿಯ ಜೊತೆಗೇ ಬರೆಯಿರಿ. ಆಮೇಲೆ ಕಂತು 41 ಇರುವ ಹೊಲಗಳನ್ನು ಖಾತೆದಾರರ ಜೊತೆ ಜೋಡಿಸಿ ಗ್ರೂಪ್ ಮಾಡಿ. ಎರಡು ಕ್ವೆರಿ ಆಯಿತು, ನಿಜ. ಆದರೆ ಆರು ತಿಂಗಳಾದ ಮೇಲೆ ಯಾವ ಹೊಲ ಯಾವ ಕಂತಿನಲ್ಲಿ ಮಂಜೂರಾಯಿತು ಎಂದು ಯಾರಾದರೂ ಕೇಳಿದರೆ ಉತ್ತರ ಟೇಬಲ್ಲಿನಲ್ಲೇ ಇರುತ್ತದೆ. ಹಾಗಾಗಿ ಪೋಸ್ಟ್‌ಗ್ರೆಸ್ ಇದ್ದೂ ಈ ಕಾಲಮ್ ಇಟ್ಟುಕೊಂಡಿದ್ದೇನೆ.

ಯಾವುದನ್ನೇ ಬರೆಯಿರಿ, ಮೊದಲ ಸಲ ಬಿಗಿನ್ ಹೊಡೆದು, ಕ್ವೆರಿ ಓಡಿಸಿ, ಪಟ್ಟಿ ಕಣ್ಣಾರೆ ನೋಡಿ, ರೋಲ್‌ಬ್ಯಾಕ್ ಕೊಡಿ. ಆ ಅಂಕಿಗಳು ನಿಮ್ಮ ಚೀಟಿಯ ಲೆಕ್ಕಕ್ಕೆ ಕೂಡಿದ ಮೇಲೆ ಮತ್ತೆ ಓಡಿಸಿ ಕಮಿಟ್ ಮಾಡಿ.

ಮರು ವರ್ಷ ಕಾಕಾನಿಗೆ ಒಂದೇ ಮೆಸೇಜ್ ಹೋಯಿತು. ಒಂದೇ ಸೆಟ್ ಜೆರಾಕ್ಸ್ ಹಿಡಿದು ಬಂದರು, ಮೊಮ್ಮಗಳ ಕೈಲಿ ಮೆಸೇಜ್ ಓದಿಸಿಕೊಂಡು.

"ತಮ್ಮಾ, ಇದರಾಗ ಎರಡೇ ಹೊಲದ ನಂಬರ್ ಅದ. 145ರದು ಬಿಟ್ಟದ ನೋಡು."

ಚೀಟಿ ತೆಗೆದು ನೋಡಿದೆ, ಲೆಕ್ಕ ಸರಿಯಿತ್ತು. ಟೇಬಲ್ ತೆರೆದೆ. 145/2ರ ಮುಂದೆ ಬೆಳೆ ಹತ್ತಿ ಎಂದಿತ್ತು.

"ಆ ಹೊಲಕ್ಕ ಈ ಸಲ ಹತ್ತಿ ಅಂತ ನೀವೇ ಬರಸೀರಲ್ರಿ ಕಾಕಾ?"

ಕಾಕಾ ಮೊಮ್ಮಗಳ ಕಡೆ ನೋಡಿದರು. "ಬರಸಿದ್ದು ಖರೆ," ಎಂದರು. "ಈಗ ಮನಸ್ಸು ಬದಲಾಗ್ಯದ."